ಎಷ್ಟು ಸುತ್ತು ತೇಯಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಬೆಂಗಳೂರಲ್ಲಿ ಅವೆನ್ಯೂ ರಸ್ತೆ ಕಡೆ ಗ್ರಂಥಿಗೆ ಅಂಗಡಿಗೆ, ಅಂದ್ರೆ ನಾಟಿ ಔಷಧಿ ಸಾಮಾನು ಮಾರೋ ಅಂಗಡಿಗೆ ಹೋಗಿ ಮಗೂಗೆ ತೇಯ್ದು ನೆಕ್ಕಿಸೋ ಸಾಮಾನು ಕೊಡಿ ಅಂದ್ರೆ ಸಾಕು, ಬಜೆ, ಅಳಲೆಕಾಯಿ, ಮಾಚಿಕಾಯಿ, ಜಾಯಿಕಾಯಿ ಎಲ್ಲ ಕಟ್ಟಿಕೊಡ್ತಾರೆ. ಆದ್ರೆ ಯಾವುದನ್ನ ಎಷ್ಟು ತೇಯಬೇಕು ಅನ್ನೋದು ಪೊಟ್ಟಣದಲ್ಲಿ ಬರಲ್ಲ. ನಾಟಿ ವೈದ್ಯ ಇರೋದೇ ಆ ಅಳತೇಲಿ.

ನಮ್ಮಜ್ಜಿ ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ಬಿಸಿನೀರು ಹಾಕಿ, ಅಳಲೆಕಾಯಿನ ಒಂದೆರಡು ಸುತ್ತು, ಬಜೆನ ಸುಟ್ಟು ಒಂದು ಸುತ್ತು, ಜಾಯಿಕಾಯಿ ಅಂತೂ ಹಿಂಗೆ ಮುಟ್ಟಿಸಿ ಎತ್ತಿಬಿಡೋರು, ಜಾಸ್ತಿ ಆದ್ರೆ ಮಗು ಮಂಪರಲ್ಲಿ ಹಾಲೇ ಕುಡಿಯಲ್ಲ ಕಣೆ ಅಂತ. ಆರು ತಿಂಗಳು ಎದೆಹಾಲು ಬಿಟ್ಟು ಏನೂ ಬೇಡ ಅಂತಾರೆ ಈಗಿನ ಮಕ್ಕಳ ಡಾಕ್ಟರು, ಅದನ್ನೇ ಪಾಲಿಸಿ, ನಾನು ಹೇಳ್ತಿರೋದು ಆ ಕೈಲೆಕ್ಕದ ವಿಷಯ ಅಷ್ಟೆ.

ಕೊರೋನಾ ಟೈಮಲ್ಲಿ ನೋಡಿದ್ವಲ್ಲ, ವಾಟ್ಸಾಪಲ್ಲಿ ಬಂತು ಅಂತ ಕಾಂಪೌಂಡ್ ಮೇಲಿದ್ದ ಬಳ್ಳಿ ಕಿತ್ತು ಲೋಟಗಟ್ಟಲೆ ಅಮೃತಬಳ್ಳಿ ಕಷಾಯ ಕುಡಿದವರನ್ನ. ಅಮೃತಬಳ್ಳಿ ತಗೊಂಡ ಕೆಲವರ ಲಿವರಿಗೆ ತೊಂದರೆ ಆಗಿದೆ ಅಂತ 2021ರಲ್ಲಿ ಮುಂಬೈ ಡಾಕ್ಟರುಗಳು ವರದಿ ಮಾಡಿದ್ರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇದ್ದಿರಬಹುದು ಅಂತು. ಅದೇನೇ ಇರಲಿ, ಗೊತ್ತಿರೋ ನಾಟಿ ವೈದ್ಯರೊಬ್ಬರು ಪಕ್ಕದಲ್ಲಿದ್ರೆ ಬಳ್ಳಿನೂ ಗುರುತು ಹಿಡಿಯೋರು, ಎಷ್ಟು ದಿನ ಅನ್ನೋದೂ ಹೇಳೋರು.

ಸೂಲಗಿತ್ತಿ ನರಸಮ್ಮನವರನ್ನೇ ತಗೊಳ್ಳಿ. ಪಾವಗಡ ತಾಲೂಕಿನ ಕೃಷ್ಣಾಪುರದವರು, ಸ್ಕೂಲ್ ಓದಿದವರಲ್ಲ, ಅಜ್ಜಿ ಜೊತೆ ಹೋಗಿ ಹೋಗಿ ನೋಡಿ ಕಲಿತು, ದುಡ್ಡು ಕೇಳ್ದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಲ್ಲಿ ಇಲ್ಲೇ ಬೆಂಗಳೂರಲ್ಲಿ ತೀರಿಕೊಂಡ್ರು. ಹೊಟ್ಟೆ ಮೇಲೆ ಕೈಯಿಟ್ಟು ಮಗು ಹೆಂಗಿದೆ ಅಂತ ಹೇಳೋ ವಿದ್ಯೆ ಪುಸ್ತಕ ಓದಿ ಬರೋದಾ ಹೇಳಿ, ಪಕ್ಕದಲ್ಲಿ ಕೂತು ಕಲೀಬೇಕು.

ಯಲಹಂಕದ ಹತ್ರ ಜಾರಕಬಂಡೆ ಕಾವಲ್‌ನಲ್ಲಿ ಒಂದು ವಿಶ್ವವಿದ್ಯಾಲಯನೇ ಇದೆ, ಅಲ್ಲಿ ಔಷಧಿ ಗಿಡಗಳನ್ನ ಒಣಗಿಸಿ ಹೆಸರು ಬರೆದು ಜೋಪಾನ ಮಾಡಿದ್ದಾರೆ, ಬಹಳ ದೊಡ್ಡ ಕೆಲಸ ಅದು. ಆದ್ರೆ ಅಳತೆ ಉಳಿದಿರೋದು ನಿಮ್ಮನೆ ಹಿರಿಯರ ಹತ್ರ. ಊರಿಗೆ ಹೋದಾಗ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಏನೇನು ಕೊಡ್ತಿದ್ರು ಅನ್ನೋದರ ಜೊತೆಗೆ, ಯಾವ ಕಾಯಿಲೆ ಕಂಡ್ರೆ "ಇದು ನನ್ ಕೈಲಾಗಲ್ಲಪ್ಪ, ಆಸ್ಪತ್ರೆಗೆ ಕರ್ಕೊಂಡ್ಹೋಗಿ" ಅಂತಿದ್ರು ಅನ್ನೋದನ್ನೂ ಕೇಳಿ.