ಎರಡನೇ ರಕ್ತ ತೆಗೆಯಿರಿ: ಕಡಲಸಿಂಹಗಳ ಇಲಿಜ್ವರ

ಕೇಳುಗರೇ, ನಮಸ್ಕಾರ.

ಮಳೆಗಾಲ ಬಂತೆಂದರೆ ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಇಲಿಜ್ವರದ ಮಾತು ಕೇಳುತ್ತದೆ. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಅದರ ಭಯ ಗೊತ್ತು. ಆ ಜ್ವರ ತರುವ ಲೆಪ್ಟೋಸ್ಪೈರಾ ಎಂಬ ಸುರುಳಿ ಬ್ಯಾಕ್ಟೀರಿಯಾ ಅಮೆರಿಕದ ಕ್ಯಾಲಿಫೋರ್ನಿಯಾ ದಡದ ಕಡಲಸಿಂಹಗಳನ್ನೂ ಹಿಡಿಯುತ್ತದೆ. 1970ರಲ್ಲಿ ಅಲ್ಲಿ ಅದನ್ನು ಮೊದಲು ಗುರುತಿಸಿದರು. ಆಮೇಲೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೊಮ್ಮೆ ಜೋರಾಗಿ ಬರುತ್ತಿದೆ.

ರೋಗ ಹಿಡಿದ ಪ್ರಾಣಿ ದಡಕ್ಕೆ ಬಂದು, ಈಜುಗಾಲುಗಳನ್ನು ಹೊಟ್ಟೆಗೆ ಅವುಚಿಕೊಂಡು ಮುದುಡಿ ಮಲಗುತ್ತದೆ. ಸಿಹಿನೀರು ಇಟ್ಟರೆ ಕುಡಿಯುತ್ತದೆ. ಆರೋಗ್ಯವಾಗಿರುವ ಕಡಲಸಿಂಹಕ್ಕೆ ಬೇಕಾದ ನೀರೆಲ್ಲ ತಿಂದ ಮೀನಿನಿಂದಲೇ ಸಿಗುತ್ತದೆ. ಅದು ನೀರಿಗೆ ಬಾಯಿ ಹಾಕಿತೆಂದರೆ ಮೂತ್ರಪಿಂಡ ಸೋತಿದೆ ಎಂದೇ ತಿಳಿಯಬೇಕು.

ಈಗ ರಕ್ತ ತೆಗೆಯುವುದು. ತೊಡೆಮೂಳೆಯ ಗಂಟಿನಿಂದ ಬಾಲದ ಬುಡಕ್ಕೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಗಂಟಿನಿಂದ ಮೂರನೇ ಒಂದು ಭಾಗ ಹೋದ ಮೇಲೆ, ಬೆನ್ನುಮೂಳೆಯ ಪಕ್ಕದಲ್ಲಿ, ಒಂದೂವರೆ ಇಂಚಿನ 20 ಗೇಜ್ ಸೂಜಿಯನ್ನು ನೆಟ್ಟಗೆ ಇಳಿಸಬೇಕು. ರಕ್ತವನ್ನು ಕೆಂಪು ಮುಚ್ಚಳದ ಟ್ಯೂಬಿಗೆ ಬಿಡಿ, ಅರ್ಧ ಗಂಟೆ ಹೆಪ್ಪುಗಟ್ಟಲಿ, ಸೆಂಟ್ರಿಫ್ಯೂಜಿನಲ್ಲಿ ಹತ್ತು ನಿಮಿಷ ತಿರುಗಿಸಿ, ಮೇಲೆ ನಿಂತ ಹೊಂಬಣ್ಣದ ಸೀರಂ ಅನ್ನು ಬೇರೆ ಟ್ಯೂಬಿಗೆ ತೆಗೆಯಿರಿ. ಸೀರಂ ಬೇರ್ಪಡಿಸದೆ ರಕ್ತವನ್ನು ಫ್ರೀಜರಿಗೆ ಹಾಕಲೇಬೇಡಿ. ಕೆಂಪುಕಣ ಒಡೆದರೆ ಅದರೊಳಗಿನ ಪೊಟ್ಯಾಸಿಯಂ, ರಂಜಕ ಸೀರಂಗೆ ಸೇರಿಕೊಳ್ಳುತ್ತವೆ. ಮೂತ್ರಪಿಂಡದ ಸ್ಥಿತಿ ತಿಳಿಯಲು ನಾವು ನೋಡುವುದೇ ಯೂರಿಯಾ, ಕ್ರಿಯಾಟಿನಿನ್, ರಂಜಕ. ಅದರಲ್ಲೊಂದು ಅಲ್ಲೇ ಸುಳ್ಳಾಯಿತಲ್ಲ!

ಈ ಮೂರೂ ಏರಿದ್ದರೆ ಮೂತ್ರಪಿಂಡ ಕೆಟ್ಟಿದೆ ಎಂದಷ್ಟೇ ಅರ್ಥ. ಕೆಡಿಸಿದ್ದು ಯಾರು ಎಂದು ತಿಳಿಯಲು ಮ್ಯಾಟ್ ಪರೀಕ್ಷೆ, ಅಂದರೆ ಬ್ಯಾಕ್ಟೀರಿಯಾ ಉಂಡೆಗಟ್ಟುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಬೇಕು. ಮನುಷ್ಯರ ಇಲಿಜ್ವರಕ್ಕೂ ಇದೇ ಪರೀಕ್ಷೆ. ಸೀರಂ ಅನ್ನು ನೂರು ಪಟ್ಟು ತೆಳುವಾಗಿಸಿ, ಸಾಲು ಕುಳಿಗಳಿರುವ ತಟ್ಟೆಯ ಮೊದಲ ಕುಳಿಗೆ ಹಾಕುತ್ತಾರೆ. ಮುಂದಿನ ಕುಳಿಗೆ ಇನ್ನೂರು, ಆಮೇಲೆ ನಾನೂರು, ಎಂಟುನೂರು, ಹೀಗೆ ದ್ವಿಗುಣ ಮಾಡುತ್ತಾ ಹೋಗುತ್ತಾರೆ. ಪ್ರತಿ ಕುಳಿಗೂ ಜೀವಂತ ಲೆಪ್ಟೋಸ್ಪೈರಾ ಸೇರಿಸಿ 30 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಒಂದೊಂದು ಹನಿಯನ್ನು ಡಾರ್ಕ್‌ಫೀಲ್ಡ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಿ ಎಳೆಗಳು ಗಿರಗಿರನೆ ತಿರುಗುತ್ತಿರುತ್ತವೆ, ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಪ್ರತಿಕಾಯ, ಅಂದರೆ ಸೋಂಕಿನ ವಿರುದ್ಧ ಮೈ ತಯಾರಿಸಿದ ವಸ್ತು, ಇದ್ದ ಕುಳಿಯಲ್ಲಿ ಅವು ಒಂದಕ್ಕೊಂದು ಸಿಕ್ಕಿಕೊಂಡು ಹತ್ತಿಯ ಉಂಡೆಗಳಾಗಿರುತ್ತವೆ. ಅರ್ಧದಷ್ಟು ಎಳೆಗಳು ಉಂಡೆಗಟ್ಟಿದ ಕೊನೆಯ ಕುಳಿಯ ಅಂಕಿಯೇ ಟೈಟರ್. ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ, ಅಂದರೆ ಕಲ್ಚರ್, ಹಳೆಯದಾದರೆ ತಾನಾಗಿಯೇ ಗಂಟುಕಟ್ಟುತ್ತದೆ, ಆದ್ದರಿಂದ ಸೀರಂ ಇಲ್ಲದ ಒಂದು ಕುಳಿ ಪಕ್ಕದಲ್ಲಿ ಇರಲೇಬೇಕು.

ನಾನು ಹೇಳಲೇಬೇಕಾದ ಮಾತು ಇದು: ಒಂದು ರಕ್ತದಿಂದ ತೀರ್ಪು ಕೊಡಬೇಡಿ. ಬ್ಯಾಕ್ಟೀರಿಯಾ ಎಂದೋ ಒಂದು ದಿನ ಈ ಮೈಗೆ ಬಂದಿತ್ತು ಎನ್ನುವುದಕ್ಕೆ ಪ್ರತಿಕಾಯ ಸಾಕ್ಷಿ. ಇಂದಿನ ಕಾಯಿಲೆಗೆ ಅದೇ ಕಾರಣ ಎನ್ನಲು ಅದು ಸಾಲದು. ಎರಡು ವಾರ ಬಿಟ್ಟು ಎರಡನೇ ರಕ್ತ ತೆಗೆಯಿರಿ. ಟೈಟರ್ ನಾಲ್ಕು ಪಟ್ಟು, ಅಂದರೆ ಎರಡು ಕುಳಿಯಷ್ಟು ಬದಲಾಗಿದ್ದರೆ ಸೋಂಕು ಈಗಿನದು.

ಪ್ರತಿಕಾಯ ಎಷ್ಟು ಹಳೆಯ ಕಥೆ ಹೇಳಬಲ್ಲದು ಎಂಬುದಕ್ಕೆ ಆ ಕಡಲಸಿಂಹಗಳದ್ದೇ ಒಂದು ಪ್ರಸಂಗವಿದೆ. 1980ರ ದಶಕದಿಂದ ಅಲ್ಲಿ ವರ್ಷ ವರ್ಷವೂ ಕಾಣಿಸುತ್ತಿದ್ದ ಸೋಂಕು 2013ರಲ್ಲಿ ಇದ್ದಕ್ಕಿದ್ದ ಹಾಗೆ ಕಾಣೆಯಾಯಿತು. ಹೋಗಿದೆ ಎಂದು ನಂಬುವುದು ಹೇಗೆ? ದೊಡ್ಡ ಪ್ರಾಣಿಗಳ ಸೀರಂ ಇನ್ನೂ ಪಾಸಿಟಿವ್ ತೋರಿಸುತ್ತಿತ್ತು. ಅಷ್ಟನ್ನೇ ನೋಡಿದ್ದರೆ ರೋಗ ಅಲ್ಲೇ ಇದೆ ಎನ್ನಬೇಕಾಗುತ್ತಿತ್ತು. ಆದರೆ ವಿಜ್ಞಾನಿಗಳು ಆಮೇಲೆ ಹುಟ್ಟಿದ ಎಳೆಯವನ್ನೂ ಹಿಡಿದು, ರಕ್ತ ತೆಗೆದು, ಬಿಟ್ಟರು. ಅವುಗಳ ಸೀರಂನಲ್ಲಿ ಏನೂ ಇರಲಿಲ್ಲ. ಮುದಿ ಮೈಗಳಲ್ಲಿದ್ದದ್ದು ಹಳೆಯ ಸೋಂಕಿನ ಗುರುತು, ಅಷ್ಟೇ. 2017ರಲ್ಲಿ ಬ್ಯಾಕ್ಟೀರಿಯಾ ಮರಳಿ ಬಂತು. ಆ ನಾಲ್ಕು ವರ್ಷಗಳಲ್ಲಿ ಹುಟ್ಟಿದವಕ್ಕೆ ರಕ್ಷಣೆಯೇ ಇರಲಿಲ್ಲ, 2018ರಲ್ಲಿ ರೋಗ ಹಿಂಡುಗಳಲ್ಲಿ ಭಾರಿಯಾಗಿ ಹಬ್ಬಿತು. ಇಷ್ಟನ್ನು ಹೇಳಿದ್ದು ವರ್ಷ ಬಿಡದೆ ತೆಗೆದ ರಕ್ತ. ಒಂದೇ ವರ್ಷದ ಟ್ಯೂಬುಗಳಿಂದ ಇದು ಆಗುವ ಮಾತೇ ಅಲ್ಲ.

ನನಗಿರುವ ಸಮಯ ಮುಗಿಯುತ್ತಾ ಬಂತು, ಡಾಲ್ಫಿನ್ ಬಗ್ಗೆ ಎರಡೇ ಮಾತು. ಅದರ ರಕ್ತವನ್ನು ಬಾಲದ ಹಲಗೆಯ ನಾಳದಿಂದ, ಚಿಟ್ಟೆಸೂಜಿಯಲ್ಲಿ ತೆಗೆಯುತ್ತಾರೆ. ಬ್ರೂಸೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಪತ್ತೆಗೆ, ಪ್ರತಿಕಾಯ ಹುಡುಕಲು ಹಸುವಿಗಾಗಿ ಮಾಡಿದ ಎಲೈಸಾ ಕಿಟ್ ಬಳಸಿದರೆ ಎಡವಬಹುದು. ಹಸುವಿನ ಪ್ರತಿಕಾಯವನ್ನು ಹಿಡಿಯುವ ರಾಸಾಯನಿಕ ಡಾಲ್ಫಿನ್ ಪ್ರತಿಕಾಯಕ್ಕೆ ಸರಿಯಾಗಿ ಅಂಟಿಕೊಳ್ಳುತ್ತದೆ ಎಂಬ ಭರವಸೆ ಇಲ್ಲ. ಉಂಡೆಗಟ್ಟುವ ಪರೀಕ್ಷೆಗೆ ಈ ತೊಡಕಿಲ್ಲ, ಅದಕ್ಕೆ ಪ್ರಾಣಿ ಯಾವುದಾದರೂ ನಡೆಯುತ್ತದೆ.

ಎರಡನೇ ರಕ್ತ ತೆಗೆಯುವವರಿಗೆ ಇನ್ನೊಂದು ಮಾತು. ಮೊದಲ ಸೀರಂ ಅನ್ನು ಪೂರ್ತಿ ಖರ್ಚು ಮಾಡಬೇಡಿ. ಒಂದು ಭಾಗಕ್ಕೆ ದಿನಾಂಕ ಬರೆದು ಫ್ರೀಜರಿನಲ್ಲಿಡಿ, ಎರಡನೆಯದು ಬಂದ ಮೇಲೆ ಎರಡನ್ನೂ ಒಂದೇ ದಿನ, ಒಂದೇ ಕಲ್ಚರಿನ ಮೇಲೆ, ಅಕ್ಕಪಕ್ಕದ ಸಾಲುಗಳಲ್ಲಿ ನೋಡಿ. ಜೀವಂತ ಕಲ್ಚರ್ ಇವತ್ತು ಇದ್ದಂತೆ ಮುಂದಿನ ವಾರ ಇರುವುದಿಲ್ಲ. ಬೇರೆ ಬೇರೆ ದಿನ ನೋಡಿದರೆ ಏರಿದ್ದು ಪ್ರಾಣಿಯ ಟೈಟರೋ, ಬದಲಾದದ್ದು ಕಲ್ಚರೋ ಎಂದು ಹೇಳಲು ಆಗುವುದಿಲ್ಲ.

ನಮಸ್ಕಾರ.