ಮಾರ್ಚ್‌ನ ಕೇದಾರಕಂಠ: ಐಸ್ ಮೇಲೆ ನಡೆಯೋದು ಹೇಗೆ

ನಮಸ್ಕಾರ ಎಲ್ಲರಿಗೂ. ಈಗ ಕಾಣ್ತಿರೋದು ಕೇದಾರಕಂಠದ ದಾರಿ. ಉತ್ತರಾಖಂಡದ ಸಂಕ್ರಿ ಊರಿಂದ ಹತ್ತೋದು, ತುದಿ ಸುಮಾರು 12,500 ಅಡಿ. ಹೋಳಿ ಮುಗಿದು ನಮ್ಮ ಹುಬ್ಬಳ್ಳಿಯಲ್ಲಿ ಬಿಸಿಲು ಏರೋ ಹೊತ್ತಿಗೂ ಇಲ್ಲಿ ಹಿಮ ಇರುತ್ತದೆ. ಮಾರ್ಚ್‌ನಲ್ಲಿ ಚಳಿ ಕಡಿಮೆ, ಸುಲಭ ಅಲ್ವಾ ಅಂತ ಧಾರವಾಡದ ಗೆಳೆಯರು ತುಂಬಾ ಜನ ಕೇಳ್ತಾರೆ. ಚಳಿ ಕಡಿಮೆ, ನಿಜ. ಜಾರೋದು ಮಾತ್ರ ಜಾಸ್ತಿ.

ಹಗಲಿನ ಬಿಸಿಲಿಗೆ ಮೇಲಿನ ಹಿಮ ಕರಗುತ್ತದೆ, ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದಾಗ ಆ ನೀರೇ ಗಟ್ಟಿ ಐಸ್ ಆಗುತ್ತದೆ, ಅದರಲ್ಲೂ ಎಲ್ಲರೂ ತುಳಿದು ತುಳಿದು ಒತ್ತಿದ ಕಾಲುದಾರಿಯೇ ಬೆಳಗಿನ ಜಾವ ಎಲ್ಲಕ್ಕಿಂತ ಜಾರುತ್ತದೆ. ನೋಡಿ, ನಡುವೆ ಹೊಳೀತಾ ಇದೆಯಲ್ಲ, ಅದೇ. ಪಕ್ಕದ ಒರಟು ಹಿಮದ ಮೇಲೆ ಕಾಲಿಡಿ, ಆದರೆ ಕಣಿವೆ ಕಡೆಯ ಅಂಚಿಗೆ ಹೋಗಬೇಡಿ.

ಶೂ ಎಷ್ಟೇ ದುಬಾರಿ ಇರಲಿ, ಬರೀ ರಬ್ಬರ್ ಸೋಲ್ ಗಟ್ಟಿ ಐಸ್ ಮೇಲೆ ನಿಲ್ಲೋದಿಲ್ಲ. ಮೈಕ್ರೋಸ್ಪೈಕ್ಸ್, ಅಂದ್ರೆ ಶೂ ಅಡಿಗೆ ಸಿಕ್ಕಿಸೋ ಚೂಪು ಲೋಹದ ಹಲ್ಲುಗಳು, ಬೇಕೇ ಬೇಕು. ಬಾಡಿಗೆಗೆ ತಗೊಂಡರೆ ಅಲ್ಲೇ ನಿಮ್ಮ ಶೂಗೆ ಹಾಕಿ, ನಡೆದು ನೋಡಿ. ಸಡಿಲ ಇದ್ದರೆ ಬದಲಾಯಿಸಿಕೊಳ್ಳಿ. ಜೀನ್ಸ್ ಬೇಡ, ಒದ್ದೆ ಆದರೆ ಒಣಗೋದೇ ಇಲ್ಲ. ಕಪ್ಪು ಕನ್ನಡಕ ಮರೀಬೇಡಿ, ಹಿಮದಿಂದ ಎದ್ದು ಬರೋ ಬಿಸಿಲು ಕಣ್ಣು ಸುಡುತ್ತದೆ.

ನಡಿಗೆ ವಿಷಯ. ಮಳೆ ಬಿದ್ದ ಎರೆಹೊಲದ ಬದುವಿನ ಮೇಲೆ ನಡೆದವರಿಗೆ ಇದು ಅರ್ಧ ಗೊತ್ತಿರುತ್ತದೆ: ಪಾದ ಪೂರ್ತಿ ಊರಬೇಕು, ಹೆಜ್ಜೆ ಸಣ್ಣದಿರಬೇಕು, ಮೊಣಕಾಲು ಸ್ವಲ್ಪ ಬಾಗಿರಬೇಕು. ಕೈ ಜೇಬಲ್ಲಿ ಬೇಡ. ಇಳಿಯೋವಾಗ ಸುಸ್ತಾಗಿರುತ್ತದೆ, ಊಟದ ಯೋಚನೆ ಬಂದಿರುತ್ತದೆ, ಓಡಬೇಕು ಅನ್ನಿಸುತ್ತದೆ. ದಯವಿಟ್ಟು ಓಡಬೇಡಿ. ಹಿಂದಕ್ಕೆ ವಾಲಿದಷ್ಟೂ ಕಾಲು ಮುಂದಕ್ಕೆ ಜಾರುತ್ತದೆ, ಭಾರ ಪಾದದ ಮೇಲೇ ಇರಲಿ.

ತುದಿಗೆ ಹೋಗೋ ದಿನ ನಸುಕಲ್ಲೇ ಹೊರಡಿಸ್ತಾರೆ. ಆಗ ಹಿಮ ಗಟ್ಟಿ ಇರುತ್ತದೆ, ಸ್ಪೈಕ್ಸ್ ಚೆನ್ನಾಗಿ ಕಚ್ಚುತ್ತದೆ. ಮಧ್ಯಾಹ್ನ ಅದೇ ಜಾಗ ಮೆತ್ತಗಾಗಿ ಕಾಲು ಮೊಣಕಾಲವರೆಗೆ ಹೂತುಹೋಗಬಹುದು. ಬಂಡೆ, ಮರದ ಬುಡದ ಸುತ್ತ ಹಿಮದಡಿ ಟೊಳ್ಳಿರುತ್ತದೆ, ತೊರೆ ಮೇಲಿನ ಹಿಮವಂತೂ ಯಾವಾಗ ಕುಸಿಯುತ್ತದೋ ಹೇಳೋಕಾಗಲ್ಲ. ಗೈಡ್ ಕಾಲಿಟ್ಟಲ್ಲೇ ಇಡಿ. ಫೋಟೋ ತೆಗೀಬೇಕಂದ್ರೆ ಮೊದಲು ಪೂರ್ತಿ ನಿಲ್ಲಿ.

ಜಾರಿಬಿಟ್ಟರೆ ತಕ್ಷಣ ಹೊಟ್ಟೆ ಮೇಲೆ ಹೊರಳಿ, ತಲೆ ಇಳಿಜಾರಿನ ಮೇಲ್ಗಡೆಗೆ, ಕಾಲು ಕೆಳಗಡೆಗೆ ಇರಲಿ. ಮೊಣಕೈ, ಮೊಣಕಾಲು ಹಿಮಕ್ಕೆ ಒತ್ತಿ. ಸ್ಪೈಕ್ಸ್ ಹಾಕಿದ ಪಾದ ಮಾತ್ರ ಎತ್ತಿ ಹಿಡಿಯಿರಿ. ಹಲ್ಲು ಐಸ್‌ಗೆ ಸಿಕ್ಕಿದರೆ ಕಾಲು ತಿರುಚಿ ಹೋಗಬಹುದು, ಇಲ್ಲಾ ನೀವೇ ಪಲ್ಟಿ ಹೊಡೀಬಹುದು. ಕ್ಯಾಂಪಿನ ಹತ್ತಿರದ ಸಣ್ಣ ಇಳಿಜಾರಲ್ಲಿ, ಸ್ಪೈಕ್ಸ್ ಬಿಚ್ಚಿ, ಗೈಡ್ ಮುಂದೆಯೇ ಇದನ್ನು ಒಂದೆರಡು ಸಲ ಮಾಡಿ ನೋಡಿ.