ಗ್ರಾಫಿಕ್ಸ್ ಕಾರ್ಡ್‌ಗೆ ಒಂದು ಮಧ್ಯಾಹ್ನದ ಪರೀಕ್ಷೆ

ಕೇಳುಗರಿಗೆ ನಮಸ್ಕಾರ.

ಮದುವೆ ಸೀಸನ್ ಬಂತೆಂದರೆ ಮಂಡ್ಯದ ಫೋಟೋ ಸ್ಟುಡಿಯೋದವರಿಗೆ ನಿದ್ದೆ ಇರುವುದಿಲ್ಲ. ಧಾರೆ, ಆರತಕ್ಷತೆ, ಡ್ರೋನ್ ಶಾಟು ಎಲ್ಲವನ್ನೂ ಜೋಡಿಸಿ, ಒಂದೇ ವಿಡಿಯೋ ಆಗಿ ಹೊರಬರಲಿ ಅಂತ ರಾತ್ರಿ ಕಂಪ್ಯೂಟರ್‌ನಲ್ಲಿ ರೆಂಡರ್‌ಗೆ ಹಾಕಿ ಮಲಗುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆ ಕಪ್ಪಗೆ, ಕೆಲಸ ಅರ್ಧಕ್ಕೇ ನಿಂತಿದೆ. ಗುಮಾನಿ ಮೊದಲು ವಿಂಡೋಸ್ ಮೇಲೆ ಹೋಗುತ್ತದೆ, ಆಮೇಲೆ ವೈರಸ್ ಮೇಲೆ. ಪರದೆ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ನೆನಪಾಗುವುದು ಕೊನೆಗೆ. ಅದು ಸರಿ ಇದೆಯೋ ಇಲ್ಲವೋ ಅಂತ ನೀವೇ, ದುಡ್ಡು ಖರ್ಚಿಲ್ಲದೆ ನೋಡಬಹುದು.

ಇದಕ್ಕೆ ಹೆಚ್ಚು ಜನ ಬಳಸುವ ಉಚಿತ ತಂತ್ರಾಂಶ ಫರ್‌ಮಾರ್ಕ್. ಗೀಕ್ಸ್ ತ್ರೀಡಿ ಅನ್ನುವವರು ತಯಾರಿಸಿದ್ದು. ಅವರ ತಾಣದಿಂದಲೇ ಇಳಿಸಿಕೊಳ್ಳಿ, ಸಿಕ್ಕಸಿಕ್ಕ ಕಡೆಯಿಂದ ಬೇಡ. ಶುರು ಮಾಡಿದರೆ ಪರದೆ ಮೇಲೆ ಮೈತುಂಬಾ ಕೂದಲಿರುವ ಒಂದು ಬಳೆ ತಿರುಗುತ್ತದೆ. ನೋಡಲಿಕ್ಕೆ ಅಷ್ಟೇ. ಆದರೆ ಆ ಕೂದಲನ್ನು ಪ್ರತಿ ಕ್ಷಣವೂ ಹೊಸದಾಗಿ ಬಿಡಿಸಬೇಕಲ್ವಾ, ಹಾಗಾಗಿ ಕಾರ್ಡ್‌ಗೆ ಬಿಡುವೇ ಸಿಗುವುದಿಲ್ಲ. ಫ್ಯಾನ್ ಸದ್ದು ಏರುತ್ತದೆ. ಪರದೆ ಮೇಲೆ ಉಷ್ಣಾಂಶದ ಅಂಕಿ 45, 58, 66 ಅಂತ ಹತ್ತುತ್ತಾ ಹೋಗುತ್ತದೆ.

ಬಹಳ ಜನ ಇಲ್ಲಿ ಕೊನೆಗೆ ಬರುವ ಸ್ಕೋರ್ ನೋಡುತ್ತಾರೆ. ನನ್ನ ಪ್ರಕಾರ ಅದು ಅಷ್ಟು ಮುಖ್ಯ ಅಲ್ಲ. ನೋಡಬೇಕಾದ್ದು ಉಷ್ಣಾಂಶ ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದನ್ನು. ಆರೋಗ್ಯವಾಗಿರುವ ಕಾರ್ಡ್ ಹತ್ತು ಹದಿನೈದು ನಿಮಿಷದಲ್ಲಿ ಒಂದು ಮಟ್ಟಕ್ಕೆ ಬಂದು ಅಲ್ಲೇ ಉಳಿಯುತ್ತದೆ. 70ರಿಂದ 80 ಡಿಗ್ರಿ ಒಳಗೆ ನಿಂತರೆ ಚಿಂತೆ ಬೇಡ. ಉದಾಹರಣೆಗೆ ಆರ್‌ಟಿಎಕ್ಸ್ 3060 ಕಾರ್ಡ್‌ಗೆ ಅದರ ಕಂಪನಿ ಎನ್ವಿಡಿಯಾ ಕೊಟ್ಟಿರುವ ಗರಿಷ್ಠ ಮಿತಿ 93 ಡಿಗ್ರಿ. ಆದರೆ ಆ ಮಿತಿ ಮುಟ್ಟುವ ಮೊದಲೇ ಕಾರ್ಡ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೇ ಜೊತೆಗೆ ಕಾರ್ಡಿನ ವೇಗ, ಉಷ್ಣಾಂಶ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದಿಟ್ಟುಕೊಳ್ಳಿ, ಅದೂ ಉಚಿತ. ಉಷ್ಣಾಂಶ ಏರಿದಂತೆ ವೇಗ ಹೇಳುವ ಮೆಗಾಹರ್ಟ್ಝ್ ಅಂಕಿ ತುಂಬಾ ಇಳಿಯುತ್ತಾ ಹೋದರೆ, ಶಾಖ ಹೊರಗೆ ಹೋಗುತ್ತಿಲ್ಲ ಅಂತ ತಿಳಿಯಿರಿ. 90 ದಾಟಿತೋ, ಎಸ್ಕೇಪ್ ಒತ್ತಿ ನಿಲ್ಲಿಸಿ. ಪರದೆ ಮೇಲೆ ಬಣ್ಣದ ಚುಕ್ಕಿ, ಪಟ್ಟೆ ಮೂಡಿದರೂ ಅಷ್ಟೇ, ತಕ್ಷಣ ನಿಲ್ಲಿಸಿ.

ಪರೀಕ್ಷೆಯನ್ನು ಮಧ್ಯಾಹ್ನ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಶೀಟಿನ ಛಾವಣಿ ಇರುವ ಅಂಗಡಿಯೊಳಗೆ ಎಷ್ಟು ಧಗೆ ಇರುತ್ತದೆ ಗೊತ್ತಲ್ವಾ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಕಾರ್ಡೂ ಹೆಚ್ಚುಕಮ್ಮಿ ಅಷ್ಟೇ ಬಿಸಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಪಾಸಾದ ಕಾರ್ಡ್ ಯುಗಾದಿ ಕಳೆದ ಮೇಲೆ ಕೈಕೊಡುವುದು ಹೀಗೆ. ಯಂತ್ರ ದಿನಾ ಇರುವ ಜಾಗದಲ್ಲೇ, ಕ್ಯಾಬಿನೆಟ್ ಬಾಗಿಲು ಮುಚ್ಚಿಕೊಂಡೇ ಪರೀಕ್ಷಿಸಿ.

ಬಿಸಿ ಜಾಸ್ತಿ ಬಂದರೆ ಗಾಬರಿ ಬೇಡ, ಹೊಸ ಕಾರ್ಡಿಗೆ ಓಡಲೂ ಬೇಡ. ಮೊದಲು ಕರೆಂಟ್ ತೆಗೆದು ಕ್ಯಾಬಿನೆಟ್ ಬಿಚ್ಚಿ. ಟಾರ್ಚ್ ಹಿಡಿದು ಕಾರ್ಡಿನ ಫ್ಯಾನ್ ರೆಕ್ಕೆಗಳ ಸಂದಿಯಲ್ಲಿ ಇಣುಕಿ. ಒಳಗಿನ ಅಲ್ಯೂಮಿನಿಯಂ ತಗಡುಗಳ ನಡುವೆ ಧೂಳು ಕಂಬಳಿ ಹಾಗೆ ಕೂತಿರುತ್ತದೆ. ಆಲೆಮನೆ ಪಕ್ಕದ ಊರುಗಳಲ್ಲಾದರೆ ಕಬ್ಬಿನ ರಚ್ಚು ಉರಿಸಿದ ಮಸಿಯೂ ಅದಕ್ಕೆ ಸೇರಿ ಜಿಗುಟಾಗಿರುತ್ತದೆ. ಮೆತ್ತನೆಯ ಬ್ರಷ್ ಸಾಕು. ಬ್ಲೋವರ್ ಹಿಡಿಯುವುದಾದರೆ ಫ್ಯಾನನ್ನು ಬೆರಳಿನಿಂದ ತಡೆದುಕೊಳ್ಳಿ, ಗಾಳಿಯ ರಭಸಕ್ಕೆ ವಿಪರೀತ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಇಷ್ಟಾದ ಮೇಲೂ ಬಿಸಿ ಇಳಿಯದಿದ್ದರೆ ಚಿಪ್ ಮೇಲೆ ಶಾಖ ದಾಟಿಸಲು ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ಬದಲಿಸುವುದು ಕೈ ಪಳಗಿದವರ ಕೆಲಸ. ವಾರಂಟಿ ಇದ್ದರೆ ಕಾರ್ಡನ್ನು ಬಿಚ್ಚಲೇಬೇಡಿ.

ಫರ್‌ಮಾರ್ಕ್ ಒಂದರಿಂದಲೇ ಎಲ್ಲಾ ಗೊತ್ತಾಗುವುದಿಲ್ಲ. ಅದು ಕಾರ್ಡಿನ ಮೆಮೊರಿಯನ್ನು ಪೂರ್ತಿ ಬಳಸುವುದಿಲ್ಲ. ಅಲ್ಲದೆ ಅದರ ಹೊರೆ ಎಂಥದ್ದು ಅಂದರೆ, 2010ರಲ್ಲಿ ಬಂದ ಎನ್ವಿಡಿಯಾ ಜಿಟಿಎಕ್ಸ್ 580 ಕಾರ್ಡಿನಲ್ಲಿ ಫರ್‌ಮಾರ್ಕ್, ಅದರಂಥದ್ದೇ ಇನ್ನೊಂದು ಪರೀಕ್ಷೆಯ ತಂತ್ರಾಂಶ ಓಸಿಸಿಟಿ ಓಡುತ್ತಿವೆ ಅಂತ ಗುರುತಿಸಿ ವಿದ್ಯುತ್ ತಗ್ಗಿಸುವ ಏರ್ಪಾಡನ್ನೇ ಮಾಡಿದ್ದರು. ಅದಕ್ಕೇ ನಾನು ರಾತ್ರಿಯೆಲ್ಲಾ ಓಡಿಸಿ ಅನ್ನುವುದಿಲ್ಲ. ಅರ್ಧ ಗಂಟೆ ಸಾಕು. ಆಮೇಲೆ ಯೂನಿಜಿನ್ ಸೂಪರ್‌ಪೊಸಿಷನ್ ಅನ್ನುವ ಪರೀಕ್ಷೆ ಹಾಕಿ, ಅದು ನಿಜವಾದ ಆಟಕ್ಕೆ ಹತ್ತಿರ. ಮೆಮೊರಿ ಮೇಲೆ ಅನುಮಾನವಿದ್ದರೆ ಓಸಿಸಿಟಿಯಲ್ಲಿ ಅದಕ್ಕೇ ಬೇರೆ ಪರೀಕ್ಷೆ ಇದೆ, ಸ್ವಂತ ಬಳಕೆಗೆ ಉಚಿತ.

ಯುಪಿಎಸ್ ಬಗ್ಗೆಯೂ ಒಂದು ಮಾತು. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಆಸುಪಾಸು ಹೊರುತ್ತದೆ. 3060 ಕಾರ್ಡ್ ಒಂದೇ 170 ವ್ಯಾಟ್ ಎಳೆಯುತ್ತದೆ. ಪ್ರೊಸೆಸರ್, ಮಾನಿಟರ್ ಸೇರಿದರೆ ಮಿತಿ ದೂರ ಇರುವುದಿಲ್ಲ. ಪರೀಕ್ಷೆಯ ನಡುವೆ ಕರೆಂಟ್ ಹೋದಾಗ ಯಂತ್ರ ಟಪ್ಪಂತ ಆರಿದರೆ, ತಪ್ಪು ಕಾರ್ಡಿನದ್ದೇ ಅಂತ ತಿಳಿಯಬೇಡಿ.

ಈಗ ಮೈಸೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ. ನೀವು ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕುತ್ತೀರಿ, ಹುಡುಕಲೇಬೇಕು, ಹೊಸದರ ಬೆಲೆ ಹಾಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಕ್ರಿಪ್ಟೋ ಹಣ ತನ್ನ ಪದ್ಧತಿ ಬದಲಿಸಿ ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಡವಾದ ಮೇಲೆ, ಹಗಲುರಾತ್ರಿ ಮೈನಿಂಗ್‌ನಲ್ಲಿ, ಅಂದರೆ ಆ ಹಣ ಗಳಿಸುವ ಲೆಕ್ಕದ ಕೆಲಸದಲ್ಲಿ, ದುಡಿದ ಕಾರ್ಡುಗಳು ರಾಶಿ ರಾಶಿ ಮಾರಾಟಕ್ಕೆ ಬಂದವು. ಅವೆಲ್ಲಾ ಕೆಟ್ಟವಲ್ಲ. ಆದರೆ ಫ್ಯಾನ್ ಸವೆದಿರಬಹುದು, ಮೆಮೊರಿ ಬಳಲಿರಬಹುದು, ಹೊರಗೆ ಒರೆಸಿ ಥಳಥಳ ಮಾಡಿದರೆ ಅದು ಕಾಣುವುದಿಲ್ಲ. ದುಡ್ಡು ಕೊಡುವ ಮೊದಲು ಮಾರುವವರ ಯಂತ್ರದಲ್ಲೇ, ನಿಮ್ಮ ಕಣ್ಣೆದುರೇ ಪರೀಕ್ಷೆ ಓಡಿಸಿ. ಪೆನ್‌ಡ್ರೈವ್‌ನಲ್ಲಿ ತಂತ್ರಾಂಶ ನೀವೇ ಒಯ್ಯಿರಿ. ಫ್ಯಾನ್ ಹತ್ತಿರ ಕಿವಿಯಿಟ್ಟು ಕರಕರ ಸದ್ದು ಬರುತ್ತದೆಯಾ ಕೇಳಿ. ಒಪ್ಪಲ್ಲ, ಟೈಮ್ ಇಲ್ಲ ಅಂದರೆ ಆ ಕಾರ್ಡ್ ಎಷ್ಟು ಅಗ್ಗವಾದರೂ ಅಲ್ಲೇ ಬಿಟ್ಟು ಬನ್ನಿ.

ನಮಸ್ಕಾರ.